ಕೆನೆತನ ಚರಣ

ಕೊಲ್ಲಿ ದೇಶದ ಸಲ್ಮಾನಿಯಾ ಆಸ್ಪತ್ರೆಯಲ್ಲಿ ನೆಲ್ಲಿಬಾಯಿಯ ಉಸಿರು ಗಂಟಲಿಗೆ ಬಂದು ನಿಂತಿತ್ತು. ಡಾಕ್ಟರು ಮನೆಯವರನ್ನೆಲ್ಲ ಕರೆಸಿಕೊಳ್ಳಲು ಹೇಳಿಹೋಗಿದ್ದರು. ಮನೆಯವರೆಂದರೆ ಮೂವರು ಮಕ್ಕಳು. ಮಂಚದ ಆಚೆ ಹಿರಿಯಕ್ಕ ಆನ್ಸಿ, ಈಚೆ ಕಿರಿಯವ ಕೀತ್. ನಡುವಿನವ ಕೆನೆತ್ ಸಲ್ಮಾಬಾದಿನ ವೆಲ್ಡಿಂಗ್ ಶಾಪಿನಲ್ಲಿದ್ದ, ಫೋನು ಎತ್ತುತ್ತಿರಲಿಲ್ಲ.

ಅವನಿಲ್ಲದೆ ಹಾಡು ಆಗುವಂತಿಲ್ಲ.

ಆ ಹಾಡು ನೆಲ್ಲಿಬಾಯಿಯ ಅಜ್ಜ ಫ್ರೀಡ್ರಿಕನದು. ಜರ್ಮನಿಯಿಂದ ತಾಯಿಯ ಮಡಿಲಲ್ಲಿ ಮಂಗಳೂರಿಗೆ ಬಂದಿಳಿದವ, ಹಂಚಿನ ಕಾರ್ಖಾನೆಯ ಹೊಗೆಯಲ್ಲಿ ಬೆಳೆದ. ಕನ್ನಡದಲ್ಲೇ ಜಗಳಾಡಿದ, ಕನ್ನಡದಲ್ಲೇ ಪ್ರಾರ್ಥಿಸಿದ, ಗಂಜಿ ಚಟ್ನಿಗೆ ಒಗ್ಗಿ ಊರ ಹೆಣ್ಣನ್ನೇ ಕಟ್ಟಿಕೊಂಡ. ಮಹಾಯುದ್ಧ ಬಂದಾಗ ಸರಕಾರಕ್ಕೆ ಕಂಡದ್ದು ಅವನ ನೀಲಿ ಕಣ್ಣು ಮಾತ್ರ. ಶತ್ರುವೆಂದು ಎಳೆದೊಯ್ಯಲು ಪೊಲೀಸರು ಅಂಗಳಕ್ಕೆ ಬಂದು ನಿಂತಿರುವಾಗಲೇ ಮೂವರು ಮಕ್ಕಳನ್ನು ಎದುರು ಕೂರಿಸಿ, ತಾನು ಕಟ್ಟಿದ ಹಾಡಿನ ಒಂದೊಂದು ಚರಣವನ್ನು ಒಬ್ಬೊಬ್ಬರಿಗೆ ಬಾಯಿಪಾಠ ಮಾಡಿಸಿದ. "ಒಬ್ಬರದ್ದನ್ನು ಇನ್ನೊಬ್ಬರು ಹಾಡಬಾರದು. ಹಾಡು ಬೇಕಾದರೆ ಒಟ್ಟು ಸೇರಿ." ಸೆರೆಶಿಬಿರದ ಬೇಲಿಯೊಳಗೆ ಜ್ವರದಲ್ಲಿ ತೀರಿಹೋದ. ಅವನ ಕಿವಿಗೆ ಹಾಡಲು ಒಬ್ಬರೂ ಇರಲಿಲ್ಲ. ಅಂದಿನಿಂದ ಆ ಕುಟುಂಬದಲ್ಲಿ ತಲೆಮಾರಿಗೆ ಮೂವರು ಆ ಚರಣಗಳನ್ನು ಹಂಚಿಕೊಂಡು ಕಲಿಯುವುದು, ಸಾಯುವವರನ್ನು ಮೂರು ಬಾಯಿಯ ಮೂರು ಚರಣ ಕೇಳಿಸಿಯೇ ಕಳುಹಿಸುವುದು.

ಒಮ್ಮೆ ಮಾತ್ರ ತಪ್ಪಿತ್ತು. ಊರಲ್ಲಿ ಅಪ್ಪ ತೀರಿಕೊಳ್ಳುವಾಗ ಕೆನೆತನ ವಿಮಾನ ತಡವಾಗಿ, ಕೀತ್ ಕಾಯಲಾರದೆ ಅಣ್ಣನ ಚರಣವನ್ನೂ ತಾನೇ ಹಾಡಿಬಿಟ್ಟ. ಬ್ಯಾಗು ಹೊತ್ತ ಕೆನೆತ್ ಹೊಸ್ತಿಲಲ್ಲಿ ನಿಂತು ಅದನ್ನು ಕೇಳಿದ. ಆಮೇಲೆ ತಮ್ಮನೊಡನೆ ಮಾತಿಲ್ಲ.

ಈಗ ಟುಬ್ಲಿಯಲ್ಲಿರುವ ಕೀತನ ಗ್ಯಾರೇಜಿನ ಡ್ರೈವರ್ ನಿಝಾಮ್ ಕೆನೆತನನ್ನು ಕರೆತರಲು ಹೋಗಿದ್ದ. ನಿಝಾಮನ ಫೋನೇ ಕೀತನಿಗೆ ಬಂತು.

"ನಿಮ್ಮ ಅಣ್ಣ ಗಾಡಿ ಹತ್ತುದಿಲ್ಲ ಮಾರಾಯ್ರೇ. ಆ ಜರ್ಮನ್ ಅಜ್ಜ ಒಂದೇ ಚರಣ ಕಟ್ಟಿದ್ರೆ ಏನಾಗ್ತಿತ್ತು? ತಕೊಳ್ಳಿ, ಕಿವಿಗೆ ಹಿಡಿದಿದ್ದೇನೆ."

"ಅಣ್ಣಾ, ಅಮ್ಮ..."

"ನೀನಿದ್ದೀಯಲ್ಲ," ಕೆನೆತನ ದನಿ ಬಂತು. "ಎರಡೂ ಹಾಡು. ನಿನ್ನ ಸ್ವರ ಒಳ್ಳೆದುಂಟು."

"ಈ ಸಲ ನಿನ್ನ ಚರಣಕ್ಕೆ ನಾನು ಬಾಯಿ ಬಿಡುದಿಲ್ಲ. ಕಾಲು ಹಿಡೀತೇನೆ, ಫೋನು ಇಡಬೇಡ."

ಕೆನೆತ್ ಫೋನು ಇಡಲಿಲ್ಲ. ಕೀತ್ ಸ್ಪೀಕರ್ ಹಾಕಿ ಫೋನನ್ನು ಅಮ್ಮನ ದಿಂಬಿನ ಮೇಲಿಟ್ಟ.

ಆನ್ಸಿ ತಡೆಯಲಾರದೆ ಮೊದಲ ಚರಣ ಎತ್ತಿದಳು. ನೆಲ್ಲಿಬಾಯಿಯ ತೋರುಬೆರಳು ಹೊದಿಕೆಯ ಮೇಲೆ ತಾಳ ಹಾಕತೊಡಗಿತು. ಚರಣ ಮುಗಿಯಿತು. ಬೆರಳು ಮುಂದಿನದಕ್ಕೆ ಕಾಯುತ್ತ ಮಿಡಿಯುತ್ತಲೇ ಇತ್ತು.

"ಹಾಡೋ, ಅಮ್ಮ ಹೋಗ್ತಾರೆ!" ಆನ್ಸಿ ಕೀತನ ಕಡೆ ತಿರುಗಿ ಪಿಸುಗುಟ್ಟಿದಳು.

ಅಣ್ಣನ ಚರಣದ ಒಂದೊಂದು ಅಕ್ಷರವೂ ಕೀತನ ನಾಲಿಗೆಯ ತುದಿಯಲ್ಲಿತ್ತು. ಅವನು ತುಟಿ ಕಚ್ಚಿ ತಲೆಯಲ್ಲಾಡಿಸಿದ. ಕರ್ತನೇ, ಅಣ್ಣನ ಬಾಯಿ ತೆರೆಸು.

ಬೆರಳು ಒಮ್ಮೆ ತಡೆದು ಮತ್ತೆ ಮಿಡಿಯಿತು. ಆಮೇಲೆ ನಿಂತುಬಿಟ್ಟಿತು.

ಆಗ ದಿಂಬಿನ ಮೇಲಿಂದ ಒಡಕು ಸ್ವರವೊಂದು ಎದ್ದಿತು: "ಆಚೆ ದಡ ಕಾಣದ ಕಡಲಲಿ, ದೇವಾ, ಕೈಯ ಬಿಡದಿರು..."

ಆನ್ಸಿ ಫೋನಿಗೆ ಕೈಚಾಚಿದಳು. ಕೀತ್ ಆ ಕೈ ಹಿಡಿದುಕೊಂಡ. ಅಣ್ಣ ಕೊನೆಯ ಸಾಲಿನವರೆಗೂ ಹಾಡಲಿ. ಅಮ್ಮ ಹೋದರೆಂದು ಆಮೇಲೆ ಹೇಳಿದರಾಯಿತು. ಕೆನೆತ್ ಮುಗಿಸಿ ಕಾದ.

ಮೂರನೆಯದು ಕೀತನದು. ಅಮ್ಮನ ತಣ್ಣಗಾಗುತ್ತಿದ್ದ ಬೆರಳನ್ನು ಮುಷ್ಟಿಯಲ್ಲಿಟ್ಟುಕೊಂಡು ಅವನು ಸ್ವರ ತೆಗೆದ.