ಮುಚ್ಚಳದ ಮೇಲಿನ ಕೂದಲು

ಕೂದಲು ತುಂಡಾಗಿತ್ತು.

ಊಟಕ್ಕೆ ಹೋಗುವ ಮುಂಚೆ ಹುಡುಗಿ ಅದನ್ನು ತನ್ನ ತಲೆಯಿಂದಲೇ ಕಿತ್ತು, ಡಬ್ಬಿಗೂ ಮುಚ್ಚಳಕ್ಕೂ ಸೇರಿಸಿ ಗೋಂದು ಹಚ್ಚಿ ಹೋಗಿದ್ದಳು. ಈಗ ಅದರ ಎರಡು ತುಂಡೂ ಜಗಳವಾಡಿದವರ ಹಾಗೆ ಬೇರೆ ಬೇರೆ ಕಡೆ ಮುಖ ಮಾಡಿದ್ದವು. ಆ ಕೋಣೆಯ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ ಮಾತ್ರ. ಒಂದು ಅವಳದು, ಇನ್ನೊಂದು ಹುಳು ನೋಡಿಕೊಳ್ಳುವ ಹುಳದಮ್ಮನದು.

ಪರದೇಶದ ಈ ಪ್ರಯೋಗಾಲಯಕ್ಕೆ ಸಂಶೋಧನೆಗೆಂದು ಬಂದು ಎರಡು ತಿಂಗಳಾಗಿತ್ತು. ಹೆಣದ ಮೇಲಿನ ಹುಳುವಿನ ವಯಸ್ಸು ನೋಡಿ, ಸತ್ತು ಎಷ್ಟು ದಿನವಾಯಿತೆಂದು ಪೊಲೀಸರಿಗೆ ಹೇಳುವ ಜಾಗ ಅದು. ನೊಣದ ಮೊಟ್ಟೆಯನ್ನು ಡಬ್ಬಿಯಲ್ಲಿ ಮಾಂಸದ ತುಂಡಿನ ಮೇಲಿಟ್ಟು, ಹುಳುವಾಗಿ, ತಿಂದು ಕೊಬ್ಬಿ, ಕಂದು ಕೋಶವಾಗುವವರೆಗೆ ದಿನ ಎಣಿಸುವುದು ಅವಳ ಪಾಲಿನ ಕೆಲಸ. ಕೋಣೆಯನ್ನು ಸದಾ ಹದಿನೆಂಟು ಡಿಗ್ರಿಯಲ್ಲಿಡುತ್ತಿದ್ದರು. ಅಷ್ಟು ಕಾವಿಗೆ ಹನ್ನೆರಡು ದಿನ ಬೇಕು. ಅವಳ ಹುಳುಗಳು ಮೂರು ಸಲವೂ ಒಂಬತ್ತನೆಯ ದಿನಕ್ಕೇ ಕೋಶವಾಗಿ ಕೂತಿದ್ದವು. ಲೆಕ್ಕ ಕೂಡದೆ ಹೋದರೆ ಬರಿಗೈಯಲ್ಲಿ ಊರಿಗೆ ಹೋಗಬೇಕು.

ಯಾರೋ ಹಳೆಯ ಹುಳುಗಳನ್ನು ತಂದು ಬೆರೆಸುತ್ತಿದ್ದಾರೆ ಎಂಬ ಅನುಮಾನ ತಲೆಗೆ ಹೇನು ಹೊಕ್ಕ ಹಾಗೆ ಹೊಕ್ಕಿತು. ಒಂದು ಹೊಕ್ಕರೆ ಸಾಕಲ್ಲ, ಮರಿ ಹಾಕುವುದಕ್ಕೆ. ಇಪ್ಪತ್ತು ವರ್ಷದಿಂದ ಅಲ್ಲಿನ ಹುಳುಗಳಿಗೆ ಮೇವು ಹಾಕುವ, ತಲೆ ನೆರೆತ ಹುಳದಮ್ಮ ಮೊದಲ ದಿನದಿಂದಲೂ ಮುಖ ಕೊಟ್ಟು ಮಾತಾಡಿದವಳಲ್ಲ. ಮೊನ್ನೆ ಬಾಗಿಲಲ್ಲಿ ನಿಂತು, ಡಬ್ಬಿಗಳತ್ತ ತೋರಿಸಿ, "ನಿನ್ನ ಮಕ್ಕಳಿಗೆ ಸೆಕೆಯಾಗ್ತಿದೆ ಕಣಮ್ಮ" ಎಂದು ಕುಟುಕಿ ಹೋಗಿದ್ದಳು. ಚಳಿಗೆ ಬೆರಳು ಸೆಟೆದು, ಮೇಜಿನ ಕೆಳಗೆ ಹೀಟರಿಟ್ಟುಕೊಂಡು ಕೂತವಳಿಗೆ ಅದು ಚುಚ್ಚುಮಾತಾಗಿಯೇ ಕೇಳಿಸಿತು.

ಕೂದಲಿನ ಉಪಾಯ ಫೋನಿನಲ್ಲಿ ಅಕ್ಕ ಹೇಳಿಕೊಟ್ಟಿದ್ದು. "ನಮ್ಮತ್ತೆ ನನ್ನ ಬೀರು ತೆಗೀತಾರಾ ಅಂತ ನಾನು ಹಿಡಿದಿದ್ದು ಹೀಗೇ ಕಣೇ."

"ಸಿಕ್ಕಿಬಿದ್ರಾ?"

"ನಿಮ್ಮ ಭಾವ ಸಿಕ್ಕಿಬಿದ್ರು!"

ಡಬ್ಬಿಯನ್ನು ಹಾಗೇ ಎತ್ತಿಕೊಂಡು, ತನ್ನ ಸಂಶೋಧನೆ ನೋಡಿಕೊಳ್ಳುವ ಮೇಷ್ಟ್ರ ಕೋಣೆಗೆ ಹೋದಳು. ಮೂರು ಸಲದ ಕಥೆಯನ್ನೂ ಉಸಿರು ಬಿಡದೆ ಹೇಳಿದಳು. ಮೇಷ್ಟ್ರು ಹುಳದಮ್ಮನನ್ನು ಕರೆಸಿದರು.

"ಇದನ್ನ ತೆಗೆದಿದ್ದು ನೀವೇನಮ್ಮಾ?"

"ನಾನೇ. ದಿನಾ ತೆಗೀತೀನಿ."

ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗಾಯಿತು ಹುಡುಗಿಗೆ. ಹುಳದಮ್ಮ ಜೇಬಿನಿಂದ ಮೂಲೆ ಸವೆದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ದಿನಕ್ಕೊಂದು ಸಾಲು. ಬಾಗಿಲ ಪಕ್ಕದ ಗೋಡೆಯ ಥರ್ಮಾಮೀಟರಿನಲ್ಲಿ ಹದಿನೆಂಟು, ಡಬ್ಬಿಯೊಳಗೆ ಇಪ್ಪತ್ತಾರು. ಮರುದಿನವೂ ಅದೇ. ಅದರ ಮರುದಿನವೂ.

"ಭಾನುವಾರ ಮಾತ್ರ ಎರಡೂ ಹದಿನೆಂಟಿದೆಯಲ್ಲ" ಎಂದರು ಮೇಷ್ಟ್ರು.

ಭಾನುವಾರ ತಾನು ಬರುವುದಿಲ್ಲ. ತಾನು ಬರದಿದ್ದರೆ ಹೀಟರು ಉರಿಯುವುದಿಲ್ಲ. ಅದರ ಮಗ್ಗುಲಿಗೇ ಡಬ್ಬಿಗಳ ಹಲಗೆ. ದಿನವೂ ತಾನು ಓದಿ ಬರೆದುಕೊಂಡದ್ದು ಬಾಗಿಲ ಪಕ್ಕದ ಗೋಡೆಯದನ್ನು ಮಾತ್ರ. ಯಾರೂ ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ.

"ಬಿಡಿಸಿ ಹೇಳಬಾರದಿತ್ತಾ?" ಎಂದಳು, ತಗ್ಗಿದ ದನಿಯಲ್ಲಿ.

"ಹೇಳೋಣ ಅಂತಾನೇ ಬಂದಿದ್ದೆ. ನೀನು ಮುಖ ತಿರುಗಿಸ್ಕೊಂಡೆ." ಹುಳದಮ್ಮ ಡಬ್ಬಿಯತ್ತ ಬಗ್ಗಿ, ತುಂಡಾದ ಕೂದಲನ್ನು ಉಗುರಿನಿಂದ ಎತ್ತಿ ನೋಡಿದಳು. "ಇದೇನು?"

ಹುಡುಗಿ ನೆಲ ನೋಡಿದಳು. ಹುಳದಮ್ಮ ಕೂದಲಿನಿಂದ ಅವಳ ತಲೆಯತ್ತ ಕಣ್ಣು ಹೊರಳಿಸಿದಳು.

"ಮೂರು ಸಲದ್ದೂ ಹೋಯ್ತು" ಎಂದರು ಮೇಷ್ಟ್ರು. "ಊರಿಗೆ ಹೊರಡೋಕೆ ಇನ್ನು ಹದಿನೈದು ದಿನ ಇದೆ. ಬೇಕಾಗಿರೋದು ಹನ್ನೆರಡು. ನಾಳೆನೇ ಶುರು ಮಾಡಿ, ಇಬ್ಬರೂ ಸೇರಿ."

ಮರುದಿನ ಬೆಳಗ್ಗೆ ಎರಡು ಸ್ವೆಟರ್ ಹಾಕಿಕೊಂಡು ಬಂದಳು. ಮೇಜಿನ ಕೆಳಗೆ ಹೀಟರ್ ಇರಲಿಲ್ಲ. ದೂರದ ಗೋಡೆಯ ಹಲಗೆಯ ಮೇಲೆ ಹೊಸ ಡಬ್ಬಿ, ಪಕ್ಕದಲ್ಲಿ ಥರ್ಮಾಮೀಟರ್. ಮೊಟ್ಟೆಯಿಟ್ಟ ಹೊತ್ತನ್ನು ಹುಳದಮ್ಮ ದಪ್ಪ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದಿಟ್ಟಿದ್ದಳು.

ತೆರೆಯಲೆಂದು ಕೈ ಚಾಚಿದವಳು ಅಲ್ಲೇ ನಿಂತಳು. ಡಬ್ಬಿಗೂ ಮುಚ್ಚಳಕ್ಕೂ ಅಡ್ಡಲಾಗಿ, ಎಳೆದು ಕಟ್ಟಿದ ತಂತಿಯ ಹಾಗೆ, ಒಂದು ಬಿಳಿ ಕೂದಲು.