ಎತ್ತಿ ಕುಡಿದ ಹಾಲು

ಕಲೈಸೆಲ್ವಿಗೆ ವೈನು ಅಂದರೆ ಏನೆಂದು ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಆದರೂ ಆ ಭಾನುವಾರ ಎಲ್ಲರಿಗಿಂತ ಮೊದಲು ತಲೆಗೆ ನೀರು ಹಾಕಿಕೊಂಡು, ಮಲ್ಲಿಗೆ ಮುಡಿದು, ದೀಪಾವಳಿಗೆ ತೆಗೆದ ಹಳದಿ ಸೀರೆ ಉಟ್ಟು ಕಾರಿನ ಪಕ್ಕ ನಿಂತವಳು ಅವಳೇ. ವೈನಿನ ರುಚಿ ನೋಡಲು ಹೊರಟಳೆಂದು ತಿಳಿದೀರಿ! ಅವಳು ಹೊರಟದ್ದು ಗಂಡನನ್ನು ಕಾವಲು ಕಾಯಲು.

ಗಂಡ ಸೆಂದಿಲ್ ಕಿಣತ್ತುಕಡವಿನಲ್ಲಿ ಮೋಟಾರು ರಿಪೇರಿಯ ವರ್ಕ್‌ಶಾಪು ಇಟ್ಟವನು. ಕೊಯಮತ್ತೂರಿನ ಪಂಪು ಕಂಪನಿಯೊಂದರ ಇಂಜಿನಿಯರು ಯಶ್ವಂತ್ ಒಂದು ದಿನ ಅಲ್ಲಿಗೆ ಬಂದು, ಫೋನಿನಲ್ಲಿ ಯಾರನ್ನೋ ಕನ್ನಡದಲ್ಲಿ ಬೈಯುತ್ತಿದ್ದ. ಅಜ್ಜಂದಿರ ಕಾಲದಿಂದ ತಮಿಳರ ನಡುವೆ ಬಾಳಿದ ಮನೆತನದಲ್ಲಿ ಮನೆಯೊಳಗೆ ಮಾತ್ರ ಕೇಳುವ ಭಾಷೆ ಅಂಗಡಿಯ ಬಾಗಿಲಲ್ಲಿ ಕೇಳಿದ್ದೇ ತಡ, ಸೆಂದಿಲ್ ಕೈಗೆ ಹತ್ತಿದ ಗ್ರೀಸನ್ನೂ ಒರೆಸಿಕೊಳ್ಳದೆ ಅವನ ಕೈ ಹಿಡಿದುಕೊಂಡಿದ್ದ. ಗೆಳೆತನ ಶುರುವಾದದ್ದು ಹಾಗೆ. ಅಷ್ಟರಲ್ಲೇ ನಿಂತಿದ್ದರೆ ಕಲೈಸೆಲ್ವಿಯ ತಕರಾರು ಏನೂ ಇರಲಿಲ್ಲ. ಆದರೆ ಯಶ್ವಂತನಿಗೆ ಭೂಮಿ ಎಂಬ ಹೆಂಡತಿಯಿದ್ದಳು.

ಚಿತ್ರದುರ್ಗದ ಹುಡುಗಿ. ಅವಳ ಬಾಯಿಂದ ಕನ್ನಡ ಟೀವಿ ವಾರ್ತೆಯ ಹಾಗೆ ಬರುತ್ತಿತ್ತು. ಜೋರಾಗಿ ನಗುತ್ತಾಳೆ, ನಗುವಾಗ ಎದುರಿಗಿದ್ದವರ ತೋಳು ತಟ್ಟುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ, ಕಲೈಸೆಲ್ವಿ ಹನ್ನೆರಡು ವರ್ಷದಲ್ಲಿ ಒಂದು ಸಲವೂ ಬಾಯಲ್ಲಿ ಆಡದ ಗಂಡನ ಹೆಸರನ್ನು ಇವಳು ನಿಮಿಷಕ್ಕೊಮ್ಮೆ ಕರೆಯುತ್ತಾಳೆ. ‘ಸೆಂದಿಲ್, ಇಲ್ಲಿ ನೋಡಿ.’ ‘ಸೆಂದಿಲ್, ನಿಮಗೊಂದು ವಿಷಯ ಹೇಳ್ಬೇಕು.’ ಕರೆದಾಗಲೆಲ್ಲ ಕಲೈಸೆಲ್ವಿಗೆ ತನ್ನ ಪೆಟ್ಟಿಗೆಯ ಬೀಗ ಯಾರೋ ತೆಗೆದಂತಾಗುತ್ತಿತ್ತು.

ಅವನಾದರೂ ಸುಮ್ಮನಿದ್ದನೇ? ಹುಟ್ಟಿದಾಗಿನಿಂದ ‘ಆಮಾ’ ಅನ್ನುತ್ತಿದ್ದವನು ‘ಹೌದು’ ಅನ್ನತೊಡಗಿದ. ಒಂದು ರಾತ್ರಿ ಊಟಕ್ಕೆ ಕೂತು, “ಕಲೈ, ತಣ್ಣಿ ಅನ್ಬೇಡ. ನೀರು ಅನ್ನು. ಅದೇ ಸರಿಯಾದ ಕನ್ನಡ,” ಎಂದು ಬುದ್ಧಿ ಹೇಳಿದ. ಅವಳ ಅಡುಗೆಮನೆಯಲ್ಲಿ, ಅವಳು ಬಡಿಸಿದ ಅನ್ನ ಕಲಸುತ್ತ, ಅವಳ ಅಮ್ಮ ಹಾಲಿನ ಜೊತೆ ಕುಡಿಸಿದ ಮಾತನ್ನು ತಿದ್ದುತ್ತಾನೆ! ಆವತ್ತು ರಸ ಬಡಿಸುವಾಗ ಅವಳು ಬೇಕೆಂದೇ ಅವನ ಅಂಗಿಯ ಮೇಲೆ ಚೆಲ್ಲಿದಳು. ಹಿತ್ತಲ ಗಿಡ ಮದ್ದಲ್ಲ ಅಂತ ದೊಡ್ಡವರು ಸುಮ್ಮನೆ ಹೇಳಿದ್ದಾರೆಯೇ.

ಯಶ್ವಂತ್ ಮತ್ತು ಭೂಮಿಯ ಮದುವೆಯ ವಾರ್ಷಿಕೋತ್ಸವ ಬಂತು. ತೊಂಡಾಮುತ್ತೂರಿನ ಆಚೆ, ಬೆಟ್ಟದ ಬುಡದಲ್ಲಿ ಯಾರದೋ ದ್ರಾಕ್ಷಿ ತೋಟ, ಅಲ್ಲಿ ವೈನು ರುಚಿ ತೋರಿಸುತ್ತಾರಂತೆ, ಮನೆಮಂದಿಯೆಲ್ಲ ಬನ್ನಿ ಎಂದು ಕರೆದರು. ಸೆಂದಿಲ್ ತಾಯಿ ರಾಮಾತಾಳ್‌ಗೆ ದ್ರಾಕ್ಷಿ ತೋಟ ಅಂತಷ್ಟೇ ಹೇಳಿದ. ಹೋಗುವ ದಾರಿಯಲ್ಲಿ ಪೇರೂರು ದೇವಸ್ಥಾನವೂ ಆಗುತ್ತದೆಂದು ಮುದುಕಿ ಹೊರಟಳು. ಮಗಳನ್ನು ತವರಿನಲ್ಲಿ ಬಿಟ್ಟು ಕಲೈಸೆಲ್ವಿಯೂ ಹೊರಟಳು.

ಗಾಂಧಿಪುರಂವರೆಗೆ ಕಾರು ಓಡಿಸುತ್ತಿದ್ದ ಗಂಡನ ಪಕ್ಕದ ಸೀಟು ಅವಳದೇ. ಅಲ್ಲಿ ಯಶ್ವಂತ್, ಭೂಮಿ ಕಾದು ನಿಂತಿದ್ದರು. ಭೂಮಿ ಹಿಂದಿನ ಬಾಗಿಲು ತೆಗೆದು, “ಅಯ್ಯೋ, ನಂಗೆ ಹಿಂದೆ ಕೂತ್ರೆ ವಾಂತಿ ಬರುತ್ತೆ ಅಕ್ಕಾ,” ಎಂದಳು. ಕಲೈಸೆಲ್ವಿ ಕೇಳಿಸದವಳಂತೆ ಕನ್ನಡಿ ನೋಡುತ್ತಿದ್ದಳು. ಸೆಂದಿಲ್, “ಕಲೈ, ನೀನು ಹಿಂದಕ್ಕೆ ಹೋಗು ಕಣ್ಣು,” ಎಂದ. ವರ್ಷದಲ್ಲಿ ಒಂದು ಸಲ ‘ಕಣ್ಣು’ ಅನ್ನುತ್ತಾನೆ, ಅದೂ ಸೀಟು ಬಿಡಿಸಲು. ಅವಳು ಇಳಿದು ಹಿಂದೆ ಅತ್ತೆಯ ಪಕ್ಕ ಕೂತಳು. ತೋಟ ಬರುವವರೆಗೆ ಅವಳಿಗೆ ಕಂಡದ್ದು ಎರಡು ತಲೆಗಳ ಹಿಂಭಾಗ ಮಾತ್ರ. ಅವು ಒಂದರ ಕಡೆಗೊಂದು ಎಷ್ಟು ಸಲ ತಿರುಗಿದವೆಂದು ಅವಳನ್ನು ಕೇಳಬೇಕು.

ತೋಟದ ಯಜಮಾನ ಮೋಹನ್‌ರಾಜ್ ಚಪ್ಪರದ ಕೆಳಗೆ ಉದ್ದನೆಯ ಮೇಜು ಹಾಕಿಸಿದ್ದ. ಮೇಲೆ ಗೊಂಚಲುಗಳು ತೂಗುತ್ತಿದ್ದವು. ಗಾಜಿನ ಲೋಟಗಳನ್ನು ನೋಡಿದರೆ ಉದ್ದ ಕಾಲು, ದೊಡ್ಡ ಹೊಟ್ಟೆ. ಮೊದಲು ಅಲ್ಲಾಡಿಸಬೇಕು, ಆಮೇಲೆ ಮೂಸಬೇಕು, ಒಂದು ಗುಟುಕು ಬಾಯಲ್ಲಿ ಹೊರಳಿಸಬೇಕು, ಬೇಡವಾದರೆ ಈ ಪಾತ್ರೆಗೆ ಉಗುಳಬೇಕು ಎಂದು ಅವನು ತಮಿಳಿನಲ್ಲಿ ವಿವರಿಸಿದ.

“ದುಡ್ಡು ಕೊಟ್ಟು ತಕ್ಕೊಂಡು ಉಗುಳೋದಾ? ಎಲೆಅಡಿಕೆ ಆದ್ರೂ ಪರವಾಯಿಲ್ಲೆ, ಬಾಯಾದ್ರೂ ಕೆಂಪಾಯ್ತದೆ,” ಎಂದಳು ರಾಮಾತಾಳ್. ತನಗೆ ಬರಿಯ ಹಣ್ಣು ಸಾಕೆಂದು ಒಂದು ಗೊಂಚಲು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕಾಲು ಮಡಚಿ ಕೂತಳು.

ಇಲ್ಲಿ ಸೆಂದಿಲ್ ಮನೆಯ ಒಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ಮನೆಯಲ್ಲಿ ಯಾರೂ ಲೋಟಕ್ಕೆ ತುಟಿ ಹಚ್ಚುವುದಿಲ್ಲ. ನೀರಿರಲಿ, ಮಜ್ಜಿಗೆಯಿರಲಿ, ಕುದಿಯುವ ಕಾಫಿಯೇ ಇರಲಿ, ತಲೆ ಹಿಂದಕ್ಕೆ ಚಾಚಿ ಎತ್ತಿ ಕುಡಿಯಬೇಕು. ಕಚ್ಚಿ ಕುಡಿದರೆ ಎಂಜಲು, ಆ ಲೋಟ ನೇರ ತೊಳೆಯುವ ಕಲ್ಲಿಗೆ. ಒಬ್ಬರ ಎಂಜಲು ಇನ್ನೊಬ್ಬರು ಮುಟ್ಟುವುದಿಲ್ಲ. ತಾಯಿಯದು ಮಗುವಿಗೆ ನಡೆಯುತ್ತದೆ, ಗಂಡನದು ಹೆಂಡತಿಗೆ, ಹೆಂಡತಿಯದು ಗಂಡನಿಗೆ ನಡೆಯುತ್ತದೆ. ಎಂಜಲು ತಿಂದರು ಅಂದರೆ ಆ ಇಬ್ಬರ ನಡುವೆ ಇನ್ನೇನೂ ಬಾಕಿಯಿಲ್ಲ ಎಂದು ಅರ್ಥ.

ಮದುವೆಯ ರಾತ್ರಿ ಹಾಲಿನ ಲೋಟ ಕೊಟ್ಟು ಕಳಿಸಿದಾಗ ಅತ್ತಿಗೆಯರು ಕಲೈಸೆಲ್ವಿಯ ಕಿವಿಯಲ್ಲಿ ಅದನ್ನೇ ಹೇಳಿದ್ದರು. ಅರ್ಧ ಅವನು ಕುಡಿಯಲಿ, ಉಳಿದರ್ಧ ನೀನು ಕುಡಿ, ಅವನ ತುಟಿ ಎಲ್ಲಿತ್ತೋ ಅಲ್ಲೇ ಕುಡಿ ಎಂದು. ಅವಳು ನಾಚಿಕೊಂಡು ಕಾದಳು. ಸೆಂದಿಲ್ ಲೋಟ ತೆಗೆದುಕೊಂಡ, ತಲೆಯೆತ್ತಿದ, ಗಟಗಟ ಅರ್ಧ ಎತ್ತಿ ಕುಡಿದು ಉಳಿದದ್ದನ್ನು ಕೈಗೆ ಕೊಟ್ಟ. ಲೋಟದ ಅಂಚನ್ನು ಅವಳು ಸುತ್ತಲೂ ನೋಡಿದಳು, ಎಲ್ಲೂ ಒದ್ದೆಯಿರಲಿಲ್ಲ. ಎಂಜಲಿಲ್ಲದ ಆ ಹಾಲನ್ನು ಕುಡಿದು ಮಲಗಿದಳು. ಬೆಳಿಗ್ಗೆ ಅತ್ತಿಗೆಯರು ಕೆಣಕಿದಾಗ ಸುಳ್ಳು ಹೇಳಿದಳು. ಆಮೇಲೂ ಅವಳು ಕಚ್ಚಿ ತಿಂದ ಮಾವಿನಕಾಯಿಯನ್ನು ಅವನು ಒಂದು ದಿನವೂ ಕಿತ್ತುಕೊಳ್ಳಲಿಲ್ಲ. ಪಾಪ, ಮಡಿ ಜಾಸ್ತಿ, ಸ್ವಭಾವವೇ ಹಾಗೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹನ್ನೆರಡು ವರ್ಷ ದೂಡಿದಳು.

ಮೋಹನ್‌ರಾಜ್ ಅವಳ ಕೈಗೂ ಒಂದು ಲೋಟ ಕೊಟ್ಟ. ಬೇಡವೆನ್ನಲು ಬಾಯಿ ತೆರೆದವಳು ಭೂಮಿಯ ಕಡೆ ನೋಡಿದಳು. ಅವಳು ಲೋಟದ ಕಾಲನ್ನು ಎರಡೇ ಬೆರಳಲ್ಲಿ ಹಿಡಿದು ಚಂದಕ್ಕೆ ಅಲ್ಲಾಡಿಸುತ್ತಿದ್ದಳು, ಸೆಂದಿಲ್ ಕಣ್ಣು ಕೀಳದೆ ನೋಡಿ ಕಲಿಯುತ್ತಿದ್ದ. ಇವಳೇನು ಆಕಾಶದಿಂದ ಇಳಿದಳಾ, ನನಗೆ ಬರೋದಿಲ್ವಾ ಎಂದುಕೊಂಡು ಕಲೈಸೆಲ್ವಿ ತಲೆ ಹಿಂದಕ್ಕೆ ಚಾಚಿ, ಲೋಟ ಎತ್ತಿ ಬಗ್ಗಿಸಿದಳು. ಅದೇನು ಕಂಠದ ಚೊಂಬೇ, ಧಾರೆಯಾಗಿ ಇಳಿಯಲು? ಆ ಹೊಟ್ಟೆ ಲೋಟದಿಂದ ವೈನು ಒಂದೇ ಸಲ ದಬ್ಬನೆ ಬಂತು. ಮೂಗಿಗೆ ಹೋಯಿತು, ಕಣ್ಣಿಗೆ ಹೋಯಿತು, ಹಳದಿ ಸೀರೆಯ ಎದೆಯ ಮೇಲೆ ಕೆಂಪಗೆ ಹರಡಿತು.

ಯಶ್ವಂತ್ ನಕ್ಕ. ಮೋಹನ್‌ರಾಜ್ ನಗದಿರಲು ಒದ್ದಾಡಿದ. ಸೆಂದಿಲ್ ಜೋರಾಗಿಯೇ ನಕ್ಕು, “ಇದನ್ನ ಎತ್ತಿ ಕುಡೀಬಾರ್ದು ಕಲೈ, ಮಾನ ತೆಗೀಬೇಡ,” ಎಂದ. ಭೂಮಿ ಎದ್ದು ಬಂದು ಕರವಸ್ತ್ರದಿಂದ ಸೀರೆ ಒತ್ತಿ, ಉಪ್ಪು ತರಿಸಿ ಉಜ್ಜಿದಳು. ನಿಜ ಹೇಳಬೇಕೆಂದರೆ ಆ ಹುಡುಗಿಯಲ್ಲಿ ಕಪಟವಿರಲಿಲ್ಲ. ಆದರೆ ಹೊಟ್ಟೆ ಉರಿಯುವವಳಿಗೆ ಉಪ್ಪು ಉಜ್ಜಿದರೆ ತಂಪಾಗುತ್ತದೆಯೇ? ಗಂಡನ ಎದುರು ನನ್ನ ಸೆರಗು ಒರೆಸಿ ಒಳ್ಳೆಯವಳಾದಳು ನೋಡು ಎಂದು ಕಲೈಸೆಲ್ವಿ ಹಲ್ಲು ಕಚ್ಚಿದಳು.

ಭೂಮಿ ಹೋಗಿ ತನ್ನ ಜಾಗದಲ್ಲಿ ಕೂತಳು. ಯಶ್ವಂತನ ಲೋಟದಿಂದ ಒಂದು ಗುಟುಕು ಕುಡಿದಳು, ಅವನು ಅವಳದರಿಂದ ಕುಡಿದ. ಆಮೇಲೆ ಭೂಮಿ ತನ್ನ ಲೋಟವನ್ನು ಮೇಜಿನಾಚೆ ಚಾಚಿ, “ಸೆಂದಿಲ್, ಇದನ್ನ ನೋಡಿ. ಸ್ವಲ್ಪ ಸಿಹಿ ಇದೆ, ನಿಮ್ದಕ್ಕಿಂತ ಚೆನ್ನಾಗಿದೆ,” ಎಂದಳು.

ಲೋಟದ ಅಂಚಿನಲ್ಲಿ ಅವಳ ತುಟಿಯ ಬಣ್ಣ ಅರ್ಧಚಂದ್ರವಾಗಿ ಅಂಟಿತ್ತು. ಎತ್ತಿ ಕುಡಿ, ಎತ್ತಿ ಕುಡಿ ಎಂದು ಕಲೈಸೆಲ್ವಿ ಮನಸ್ಸಿನಲ್ಲೇ ಬೇಡಿಕೊಂಡಳು. ಮುನಿಯಪ್ಪಾ, ಇವರು ಎತ್ತಿ ಕುಡೀಲಿ, ಬೇಕಾದರೆ ಅಂಗಿಯೂ ನನ್ನ ಸೀರೆಯ ಹಾಗೆ ಹಾಳಾಗಲಿ, ನಾನೇ ಒಗೀತೀನಿ, ನಿನಗೆ ಕೋಳಿ ಕೊಡ್ತೀನಿ.

ಸೆಂದಿಲ್ ಲೋಟ ತೆಗೆದುಕೊಂಡ. ಎರಡೇ ಬೆರಳಲ್ಲಿ ಕಾಲು ಹಿಡಿದು ಅಲ್ಲಾಡಿಸಿದ, ಮೂಸಿದ, ತುಟಿಗೆ ಹಚ್ಚಿದ. ಮೆಲ್ಲಗೆ, ಕಣ್ಣು ಮುಚ್ಚಿ, ಕಚ್ಚಿ ಕುಡಿದ.

“ಹೌದು, ಚೆನ್ನಾಗಿದೆ,” ಎಂದ.

ಕಲೈಸೆಲ್ವಿಯ ಮೈಯೆಲ್ಲ ಉರಿದುಹೋಯಿತು. ಮಡಿಯಂತೆ, ಸ್ವಭಾವವಂತೆ! ಎಲ್ಲಿ ಹೋಯಿತು ಮಡಿ? ಅವನು ಭೂಮಿಯ ಕೈ ಹಿಡಿದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲವೇನೋ. ಮೋಹನ್‌ರಾಜ್ ಮತ್ತೆ ತುಂಬಿಸಿಟ್ಟಿದ್ದ ತನ್ನ ಲೋಟವನ್ನು ಎತ್ತಿಕೊಂಡಳು. ಹುಟ್ಟಿ ಬುದ್ಧಿ ಬಂದ ಮೇಲೆ ಮೊದಲ ಸಲ ನಾಲ್ಕು ಜನರೆದುರು ಲೋಟವನ್ನು ಕಚ್ಚಿ ಹಿಡಿದು ಒಂದು ಬಾಯಿ ಕುಡಿದಳು. ಹುಳಿ, ಒಗರು, ಥೂ! ಉಗುಳದೆ ನುಂಗಿ, ಮೇಜು ಸುತ್ತಿ ಗಂಡನ ಮುಂದೆ ಹೋಗಿ ನಿಂತಳು.

“ಏನುಂಗ, ನನ್ನದನ್ನೂ ಒಂದು ಬಾಯಿ ನೋಡಿ,” ಎಂದಳು.

ದನಿ ನಡುಗಿದ್ದು ಯಶ್ವಂತನಿಗೆ ಗೊತ್ತಾಗಲಿಲ್ಲ, ಭೂಮಿಗೂ ಗೊತ್ತಾಗಲಿಲ್ಲ. ಸೆಂದಿಲ್ ನಗುತ್ತಲೇ ಲೋಟ ತೆಗೆದುಕೊಂಡ. ಏನನ್ನೂ ಯೋಚಿಸಲಿಲ್ಲ, ಯೋಚಿಸಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಹೆಂಡತಿಯ ಕೈಯಿಂದ ಬಂದ ಲೋಟ ಅಲ್ಲವೇ, ಅಭ್ಯಾಸದಂತೆ ತಲೆ ತಾನಾಗಿ ಹಿಂದಕ್ಕೆ ಹೋಯಿತು, ಕೈ ತಾನಾಗಿ ಮೇಲೆದ್ದಿತು. ಒಂದು ಗೇಣು ಎತ್ತರದಿಂದ, ಆ ಹೊಟ್ಟೆ ಲೋಟದಿಂದಲೂ ಸಣ್ಣ ಧಾರೆ ಮಾಡಿ ಎತ್ತಿ ಕುಡಿದ. ಅಂಗಿಯ ಮೇಲೆ ಒಂದು ಹನಿ ಬೀಳಲಿಲ್ಲ.

ಯಶ್ವಂತ್ ಚಪ್ಪಾಳೆ ತಟ್ಟಿ, “ಸೂಪರ್ ಗುರೂ, ಹೆಂಗೆ ಮಾಡಿದ್ರಿ?” ಎಂದ.

ರಾಮಾತಾಳ್ ಬಾಯಿಗೆ ಹಾಕಹೊರಟ ದ್ರಾಕ್ಷಿಯನ್ನು ಮತ್ತೆ ಮಡಿಲಲ್ಲಿಟ್ಟಳು. ಮಗನನ್ನು ನೋಡಿದಳು, ಸೊಸೆಯ ಮುಖ ನೋಡಿದಳು.

“ಯಾಕಪ್ಪಾ ಸೆಂದಿಲು,” ಎಂದಳು, “ನಮ್ಮ ಕಲೈದು ಮಾತ್ರ ಎಂಜ್ಲಾ?”

ಸೆಂದಿಲ್ ತನ್ನ ಕೈಯಲ್ಲಿದ್ದ ಲೋಟ ನೋಡಿದ. ಮೇಜಿನ ಮೇಲೆ ಭೂಮಿಯ ಲೋಟವಿತ್ತು, ಅಂಚಿನ ಬಣ್ಣ ಅರ್ಧ ಅಳಿಸಿಹೋಗಿತ್ತು. ಮುಖ ಕಪ್ಪಿಟ್ಟಿತು. ಏನೋ ಹೇಳಲು ಹೋಗಿ, ಕನ್ನಡದಲ್ಲಿ ಹೇಳಲೋ ತಮಿಳಲ್ಲಿ ಹೇಳಲೋ ತಿಳಿಯದೆ ಲೋಟವನ್ನು ಮೇಜಿನ ಮೇಲಿಟ್ಟ. ಭೂಮಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ಕೈಯಿಂದ ಬಾಯಿ ಮುಚ್ಚಿಕೊಂಡು, “ಅಯ್ಯೋ ಅಕ್ಕಾ, ನಾವು ಹಾಸ್ಟೆಲಲ್ಲಿ ಎಲ್ರೂ ಒಂದೇ ಬಾಟ್ಲಲ್ಲಿ… ನನಗೆ ಗೊತ್ತಾಗ್ಲಿಲ್ಲ ಅಕ್ಕಾ, ದೇವರಾಣೆ,” ಎಂದಳು.

“ನಿನ್ನ ಏನೂ ಅನ್ಲಿಲ್ಲಮ್ಮ ನಾನು,” ಎಂದಳು ಕಲೈಸೆಲ್ವಿ. ಅದು ನಿಜವೂ ಆಗಿತ್ತು. ಕೊಟ್ಟವಳು ಯಾರಿಗೆ ಬೇಕಾದರೂ ಕೊಡುತ್ತಿದ್ದಳು, ತಪ್ಪು ತುಟಿ ಹಚ್ಚಿದವನದು.

ವಾಪಸು ಬರುವಾಗ ಭೂಮಿ ವಾಂತಿ ಬಾರದಿರಲೆಂದು ಹುಣಸೆಹಣ್ಣು ಚೀಪಿಕೊಂಡು ತಾನಾಗಿ ಹಿಂದೆ ಕೂತಳು. ಕಲೈಸೆಲ್ವಿಯೂ ಮುಂದೆ ಹತ್ತಲಿಲ್ಲ. ಕೊನೆಗೆ ಮುಂದಿನ ಸೀಟಿನಲ್ಲಿ ಮಡಿಲ ತುಂಬ ದ್ರಾಕ್ಷಿಯಿಟ್ಟುಕೊಂಡು ರಾಮಾತಾಳ್ ಕೂತಳು.

ಮನೆಗೆ ಬಂದು ಸೀರೆ ನೆನೆಸಿಟ್ಟು ಕಲೈಸೆಲ್ವಿ ಸಂಜೆಯ ದೀಪ ಹಚ್ಚಿದಳು. ಅತ್ತೆ ಪಕ್ಕದ ಮನೆಗೆ ದ್ರಾಕ್ಷಿ ಕೊಡಲು ಹೋದಳು. ಸೆಂದಿಲ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

“ಕಲೈ, ತಣ್ಣಿ ಕೊಡು,” ಎಂದ. ನೀರು ಎಂಬ ಮಾತು ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ಅವಳು ಲೋಟದ ತುಂಬ ತಂದು ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

“ಮೊದ್ಲು ನೀನು ಕುಡಿ,” ಎಂದ. ದನಿ ತಗ್ಗಿತ್ತು. “ಅರ್ಧ ಕುಡಿದು ಕೊಡು. ಕಚ್ಚಿ ಕುಡಿ.”

ಹನ್ನೆರಡು ವರ್ಷ ಕಾದ ಮಾತು. ಸುಳ್ಳು ಯಾಕೆ, ಅವಳ ಜೀವ ಕರಗಿತು. ಲೋಟ ತುಟಿಯ ಹತ್ತಿರ ಬಂತು, ಇನ್ನೊಂದು ಕೂದಲೆಳೆ ಬಂದಿದ್ದರೆ ತಗಲುತ್ತಿತ್ತು. ಆಗ ಕಣ್ಣ ಮುಂದೆ ಆ ಅರ್ಧಚಂದ್ರ ಬಂದು ನಿಂತಿತು. ಆ ತುಟಿಯಿಂದ ಬಂದು ಈಗ ನನ್ನದಕ್ಕೆ ಕೈ ಚಾಚುತ್ತಾನೆ, ಅದೂ ಅಮ್ಮ ಕೇಳಿದ ಮೇಲೆ.

ಅವಳು ತಲೆ ಹಿಂದಕ್ಕೆ ಚಾಚಿದಳು. ಲೋಟವನ್ನು ಮೇಲೆತ್ತಿ, ಸಣ್ಣ ಧಾರೆ ಮಾಡಿ, ಗಟಗಟ ಸರಿಯಾಗಿ ಅರ್ಧ ಎತ್ತಿ ಕುಡಿದಳು. ಉಳಿದದ್ದನ್ನು ಅವನ ಕೈಗೆ ಕೊಟ್ಟಳು.

“ಕುಡೀರಿ. ಎಂಜ್ಲಾಗಿಲ್ಲ,” ಎಂದು ಒಲೆಯ ಕಡೆ ತಿರುಗಿದಳು.

ಸೆಂದಿಲ್ ಲೋಟವನ್ನು ಬೆಳಕಿಗೆ ಹಿಡಿದು ಅಂಚನ್ನು ಸುತ್ತಲೂ ತಿರುಗಿಸಿ ನೋಡಿದ. ಎಲ್ಲೂ ಒದ್ದೆಯಿರಲಿಲ್ಲ.