ಸಾಹೇಬರು ಕಂಡ ರಸ್ತೆ

ನಮ್ಮ ತಾಂಡಾದವರಿಗೊಂದು ಚಟ. ಬೀಗರ ಟೆಂಪೋ ಬರಲಿ, ಓಟು ಕೇಳುವವರ ಜೀಪು ಬರಲಿ, ಬೆಳಗಾಗುವುದರೊಳಗೆ ಗುದ್ದಲಿ ಬುಟ್ಟಿ ಹಿಡಿದು ಹೊರಟು ರಸ್ತೆಯ ತಗ್ಗುಗಳಿಗೆಲ್ಲ ಕೆಂಪು ಮಣ್ಣು ತುಂಬುತ್ತಾರೆ. ನೀರು ಹೊಡೆದು, ತುಳಿದು, ಅಂಗಳದಂತೆ ಮಾಡಿಡುತ್ತಾರೆ. ಬಂದವರ ಸೊಂಟ ಉಳುಕಬಾರದಂತೆ! ನಮ್ಮ ಸೊಂಟ ವರ್ಷವಿಡೀ ಉಳುಕಲಿ, ಅದರ ಚಿಂತೆ ಯಾರಿಗೂ ಇಲ್ಲ.

ಹಳಿಯಾಳದ ಡಾಂಬರು ರಸ್ತೆಯಿಂದ ನಮ್ಮ ತಾಂಡಾ ಹಾದು ಕಾಡಂಚಿನ ಗುಡ್ಡಕ್ಕೆ ಹೋಗುವ ಈ ಕಚ್ಚಾ ರಸ್ತೆಗೆ ಸರ್ಕಾರದ ಅನುದಾನ ಬಂದಿತ್ತು. ಗುಡ್ಡದಿಂದ ನದಿ ಚಂದ ಕಾಣುತ್ತದೆ, ಪಕ್ಕದ ಮೌಳಂಗಿಗೆ ಬರುವ ಪ್ರವಾಸಿಗರು ಇಲ್ಲಿಗೂ ಬರಲಿ ಅಂತ. ಪಂಚಾಯ್ತಿ ಮೆಂಬರಾದ ನಾನೇ ಚಪ್ಪಲಿ ಸವೆಸಿ ತಂದದ್ದು. ಇಲಾಖೆಯ ಸಾಹೇಬರು ಬಂದು ನೋಡಿ ರಸ್ತೆ ಕೆಟ್ಟಿದೆ ಅಂದರೆ ಡಾಂಬರು. ಚೆನ್ನಾಗಿದೆ ಅಂದರೆ ಗುಡ್ಡದ ಮೇಲೆ ಬರೀ ಕಂಬಿಬೇಲಿ, ದೀಪ, ಫೋಟೋ ತೆಗೆಸಿಕೊಳ್ಳುವ ಕಟ್ಟೆ.

ಸಾಹೇಬರು ಬಂದ ದಿನ ನಾನು ಹಳಿಯಾಳದಿಂದ ಅವರ ಜೀಪಿನಲ್ಲೇ ಬಂದೆ. ಜೀಪು ಒಂದು ಸಲವೂ ಕುಲುಕಲಿಲ್ಲ. ತಗ್ಗುಗಳೆಲ್ಲ ತುಂಬಿಹೋಗಿದ್ದವು. ತಾಂಡಾದ ನಾಯಕ ಗೇಮಪ್ಪ ಮಣ್ಣು ಮೆತ್ತಿದ ಕೈ ಮುಗಿದು ನಿಂತಿದ್ದ, ಅವನ ಹೆಂಡತಿ ಲಾಲಿಬಾಯಿ ಆರತಿ ಹಿಡಿದಿದ್ದಳು. ರಸ್ತೆ ಚೆನ್ನಾಗಿದೆ ಎಂದು ಸಾಹೇಬರು ಬರೆದುಕೊಂಡು ಹೋದರು, ಗುಡ್ಡದ ಮೇಲೆ ಕಟ್ಟೆ ಎದ್ದಿತು. ಮೊದಲ ಅಡ್ಡಮಳೆಗೆ ತಗ್ಗಿನ ಮಣ್ಣೆಲ್ಲ ಹಳ್ಳ ಸೇರಿತು.

ಮತ್ತೆ ಕಚೇರಿಗೆ ಅಲೆದು, ಕಾಲು ಹಿಡಿದು, ಇನ್ನೊಂದು ಸಲ ನೋಡಲು ಒಪ್ಪಿಸಿದೆ. ಕೊನೆಯ ಸಲ ಎಂದರು. ತಾಂಡಾದವರನ್ನೆಲ್ಲ ಸೇರಿಸಿ ಕೂಗಾಡಿದೆ.

“ಸೋಮವಾರ ಸಾಹೇಬ್ರು ಬಂದು ಹೋಗೂತನಕ ಯಾರರ ಗುದ್ದಲಿ ಮುಟ್ಟಿದ್ರ ನನ್ನ ಹೆಣ ನೋಡ್ತೀರಿ!”

“ಮುಟ್ಟಂಗಿಲ್ಲಪಾ,” ಎಂದ ಗೇಮಪ್ಪ. “ನಮ್ಮ ಸೊಸಿಗೂ ದಿನಾ ತುಂಬ್ಯಾವು. ರಸ್ತೆ ಆತಂದ್ರ ಎಲ್ಲಾರಿಗೂ ಛಲೋನ ಐತಿ.”

ಸೋಮವಾರ ಬೆಳಿಗ್ಗೆಯೇ ಅವನ ಸೊಸೆ ತುಳಜಾಳಿಗೆ ಬೇನೆ ಶುರುವಾಯಿತು. ಆಂಬುಲೆನ್ಸು ಅರ್ಧ ದಾರಿಗೆ ಬಂದು ನಿಂತಿತು. ಡ್ರೈವರ್ ಫೋನ್ ಮಾಡಿದ: “ಗಾಡಿ ತಳಾ ಬಡ್ಯಾಕತ್ತೈತ್ರಿ. ಮಣ್ಣು ಹಾಕಿದ್ರ ಬರ್ತೇನಿ, ಇಲ್ಲಂದ್ರ ಹೊತ್ಕೊಂಡು ಬರ್ರಿ.”

ಒಳಗಿಂದ ಲಾಲಿಬಾಯಿ ಚೀರಿದಳು: “ರಕ್ತಾ ನಿಲ್ಲವಲ್ದು, ಆಕೀನ್ನ ಅಲುಗಾಡಸಬ್ಯಾಡ್ರಿ!”

ಎಲ್ಲರೂ ನನ್ನ ಮುಖ ನೋಡಿದರು. ಗೇಮಪ್ಪ ಮಾತ್ರ ನೆಲ ನೋಡುತ್ತಿದ್ದ, ಮಾತು ಕೊಟ್ಟವನಲ್ಲವೇ. ನನಗೆ ಅಳು ಬಂತು. ಮೊದಲ ಗುದ್ದಲಿ ನಾನೇ ಎತ್ತಿಕೊಂಡೆ.

ತಾಂಡಾಕ್ಕೆ ತಾಂಡಾವೇ ಮುಗಿಬಿದ್ದಿತು. ಆಂಬುಲೆನ್ಸು ಬಾಗಿಲಿಗೆ ಬಂದು ತುಳಜಾಳನ್ನೂ ಲಾಲಿಬಾಯಿಯನ್ನೂ ಕರೆದೊಯ್ದಿತು. ಅದು ತಿರುವಿನಲ್ಲಿ ಮರೆಯಾಗುತ್ತಲೇ ಅದೇ ತಿರುವಿನಿಂದ ಸಾಹೇಬರ ಜೀಪು ಬಂತು.

“ಏನ್ರೀ ಮೆಂಬರ್ರ, ಆಂಬುಲೆನ್ಸ ಹಿಂಗ ಓಡಾಡೂ ರಸ್ತೆಗೆ ತಕರಾರು ಮಾಡ್ತೀರಲ್ಲ!”

“ಈಗ ಹಾಕಿದ ಮಣ್ಣ್ರೀ ಸರ್ ಇದು. ಮುಟ್ಟಿ ನೋಡ್ರಿ, ಇನ್ನೂ ಹಸಿ ಐತಿ. ಒಂದು ಮಳಿಗೆ ಹೋಗಿಬಿಡತೈತ್ರಿ.”

ಅವರು ಕೆಳಗಿಳಿದು ಬೂಟಿನ ತುದಿಯಿಂದ ಒತ್ತಿ ನೋಡಿದರು. ಕೆಟ್ಟ ಮನುಷ್ಯರಲ್ಲ. ಮುಖ ಸಣ್ಣದು ಮಾಡಿಕೊಂಡರು.

“ವರದಿ ಫೋಟೋದಾಗ ತಗ್ಗು ಕಾಣಬೇಕಲ್ರೀ. ಇಲ್ಲದ ತಗ್ಗು ನಾ ಎಲ್ಲಿಂದ ತೋರಿಸ್ಲಿ?”

ಈಗಲೇ ಅಗೆದು ತೋರಿಸಲೇ ಎಂದು ನಾಲಿಗೆಯ ತುದಿಗೆ ಬಂತು. ಆದರೆ ತುಳಜಾ ಇದೇ ದಾರಿಯಲ್ಲಿ ಮರಳಿ ಬರಬೇಕು. ಗುದ್ದಲಿ ಕೆಳಗಿಟ್ಟೆ.

ಮಧ್ಯಾಹ್ನ ಲಾಲಿಬಾಯಿಯ ಫೋನು: ಹೆಣ್ಣು ಕೂಸು, ಇಬ್ಬರೂ ಆರಾಮ. ಗೇಮಪ್ಪ ನನ್ನನ್ನು ತಬ್ಬಿಕೊಂಡು ಅತ್ತ. ನನಗೂ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ. ಆಗಲೇ ಎದುರು ಮನೆಯ ಬಾಲುವಿನ ಹೆಂಡತಿ ತಮ್ಮ ಬಾಗಿಲಿಗೆ ಒರಗಿ ನಿಂತಿರುವುದು ಕಂಡಿತು. ಅವಳಿಗೆ ದಿನ ತುಂಬುವುದು ಆಷಾಢದ ಮಳೆಯಲ್ಲಿ.

“ಕಾಕಾ, ಸಾಹೇಬ್ರು ಏನಂದ್ರು?” ಎಂದಳು.

ನಾನು ಕೈ ತೊಳೆಯುವ ನೆಪ ಮಾಡಿ ಬಚ್ಚಲಿಗೆ ಹೋದೆ.